ಕಡಲಂಚಿನ ಗೋಪುರದಲ್ಲಿ ಸ್ವಯಂಪಾಕ: ಆಲ್ಡ್‌ಬರೋ ತೀರದ ನಾಲ್ಕು ದಿನಗಳು

ಯಾತ್ರಿಕನು ಛತ್ರದಲ್ಲಿ ಇಳಿದುಕೊಂಡು, ಅಕ್ಕಿ ಬೇಳೆ ಸೌದೆಗಳನ್ನು ಪಡೆದು, ತನ್ನ ಅಡಿಗೆಯನ್ನು ತಾನೇ ಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ಸ್ವಯಂಪಾಕವೆಂದು ಹೆಸರು. ಆಚಾರದ ಕಾರಣದಿಂದ ಹುಟ್ಟಿದ ಈ ಪದ್ಧತಿಯು ಅನುಕೂಲದ ಕಾರಣದಿಂದ ಬಹುಕಾಲ ಉಳಿದು ಬಂದಿತು. ಇಂಗ್ಲೆಂಡಿನಲ್ಲಿ ಇದನ್ನು ಹೋಲುವ ಏರ್ಪಾಡೊಂದು 1965ರಿಂದೀಚೆಗೆ ಬೇರೊಂದು ಉದ್ದೇಶಕ್ಕಾಗಿ ನಡೆಯುತ್ತಿದೆ. ಆ ವರ್ಷ ಸರ್ ಜಾನ್ ಸ್ಮಿತ್ ಮತ್ತು ಅವರ ಪತ್ನಿ ಕ್ರಿಸ್ಟಿಯನ್ ಸ್ಮಿತ್ ಇವರು ಸ್ಥಾಪಿಸಿದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಸಂಸ್ಥೆಯು, ಬಿದ್ದುಹೋಗಲಿದ್ದ ಹಳೆಯ ಕಟ್ಟಡಗಳನ್ನು ಕೊಂಡು, ದುರಸ್ತಿ ಮಾಡಿಸಿ, ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಕೊಡುತ್ತದೆ. ಅಲ್ಲಿ ಊಟ ಬಡಿಸುವವರಿಲ್ಲ, ಮಾರ್ಗದರ್ಶಕರಿಲ್ಲ. ಒಲೆ, ಪಾತ್ರೆ, ಹಾಸಿಗೆ, ಕಪಾಟಿನ ತುಂಬ ಆ ಸ್ಥಳಕ್ಕೆ ಸಂಬಂಧಪಟ್ಟ ಪುಸ್ತಕಗಳು, ಕಟ್ಟಡದ ಚರಿತ್ರೆಯನ್ನು ವಿವರಿಸುವ ಒಂದು ಸಂಪುಟ, ತಂಗಿದವರು ಬರೆದಿಟ್ಟು ಹೋಗುವ ಒಂದು ದಿನಚರಿ ಪುಸ್ತಕ, ಇಷ್ಟು ಇರುತ್ತವೆ. ಬಂದ ಬಾಡಿಗೆಯು ಕಟ್ಟಡದ ರಕ್ಷಣೆಗೆ ಹೋಗುತ್ತದೆ.

ಈ ಸಂಸ್ಥೆಯ ವಶದಲ್ಲಿರುವ ಕಟ್ಟಡಗಳ ಪೈಕಿ ಒಂದು, ಸಫಕ್ ಪ್ರಾಂತದ ಆಲ್ಡ್‌ಬರೋ ಎಂಬ ಕಡಲೂರಿನ ದಕ್ಷಿಣಕ್ಕಿರುವ ಮಾರ್ಟೆಲೊ ಗೋಪುರ. ಕಳೆದ ಸೆಪ್ಟೆಂಬರಿನಲ್ಲಿ ನಾನೂ ಮೂವರು ಅಧ್ಯಾಪಕ ಮಿತ್ರರೂ ಅಲ್ಲಿ ನಾಲ್ಕು ದಿನ ತಂಗಿದ್ದೆವು. ವಿಹಾರಕ್ಕೆಂದೇ ಹೋದೆವೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಆದರೆ ತರಗತಿಯಲ್ಲಿ ನಾನು ಹಲವು ವರ್ಷಗಳಿಂದ ಹೇಳುತ್ತಿದ್ದ ಒಂದು ಮಾತನ್ನು ಈ ವಿಹಾರವು ತಿದ್ದಿತು. ಆದಕಾರಣ ಅದರ ವೃತ್ತಾಂತವನ್ನು ಈ ಸಂಚಿಕೆಯಲ್ಲಿ ನಿವೇದಿಸುವುದು ತೀರ ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಮೊದಲು ಗೋಪುರದ ಹೆಸರಿನ ವಿಚಾರ. 1794ನೆಯ ಫೆಬ್ರವರಿಯಲ್ಲಿ ಕಾರ್ಸಿಕಾ ದ್ವೀಪದ ಮೊರ್ಟೆಲ್ಲ ಎಂಬ ಭೂಶಿರದಲ್ಲಿದ್ದ ಒಂದು ಹಳೆಯ ಗುಂಡು ಗೋಪುರದ ಮೇಲೆ ಎರಡು ಇಂಗ್ಲಿಷ್ ಯುದ್ಧನೌಕೆಗಳು ದಾಳಿ ಮಾಡಿದುವು. 74 ಫಿರಂಗಿಗಳ ಫಾರ್ಟಿಟ್ಯೂಡ್ ಒಂದು, 32 ಫಿರಂಗಿಗಳ ಜೂನೊ ಮತ್ತೊಂದು. ಗೋಪುರದಲ್ಲಿದ್ದ ಫಿರಂಗಿಗಳು ಬೆರಳೆಣಿಕೆಯವು. ಆದರೂ ನೌಕೆಗಳೇ ಪೆಟ್ಟು ತಿಂದು ಹಿಂದೆಗೆಯಬೇಕಾಯಿತು. ಕೊನೆಗೆ ನೆಲದ ಕಡೆಯಿಂದ ಫಿರಂಗಿ ಹೂಡಿದ ಮೇಲೆ ಗೋಪುರ ಕೈವಶವಾಯಿತು. ಸೋತ ಗೋಪುರಕ್ಕಿಂತ ಗೆದ್ದವರ ಮನಸ್ಸಿನಲ್ಲಿ ಉಳಿದ ಬೆರಗು ದೊಡ್ಡದು. ಫ್ರೆಂಚರ ದಂಡಯಾತ್ರೆಯ ಭಯ ಇಂಗ್ಲೆಂಡನ್ನು ಆವರಿಸಿದಾಗ ಆ ಮಾದರಿಯ ಗೋಪುರಗಳನ್ನೇ ತಮ್ಮ ತೀರದಲ್ಲಿ ಸಾಲಾಗಿ ಕಟ್ಟಬೇಕೆಂಬ ಸಲಹೆ ಬಂದಿತು. ಪ್ರಧಾನಮಂತ್ರಿ ಪಿಟ್ ಹಾಜರಿದ್ದ 1804ರ ಅಕ್ಟೋಬರಿನ ರಾಚೆಸ್ಟರ್ ಸಭೆಯಲ್ಲಿ ಅದು ಅಂಗೀಕೃತವಾಯಿತು. ಮೊರ್ಟೆಲ್ಲ ಎಂಬುದು ಲೇಖಕರ ಕೈಯಲ್ಲಿ ಮಾರ್ಟೆಲೊ ಆಯಿತು. ತಪ್ಪು ಕಾಗುಣಿತವೊಂದು ಎರಡು ಶತಮಾನ ಬಾಳಿದ ಉದಾಹರಣೆಗಳಲ್ಲಿ ಇದೂ ಒಂದು.

ದಕ್ಷಿಣ ತೀರದಲ್ಲಿ 1805ರಿಂದ 1810ರವರೆಗೆ 74 ಗೋಪುರಗಳೂ, ಪೂರ್ವ ತೀರದಲ್ಲಿ 1808ರಿಂದ 1812ರವರೆಗೆ 29 ಗೋಪುರಗಳೂ ನಿರ್ಮಿತವಾದುವು. ಪಶ್ಚಿಮದ ತುದಿಯಲ್ಲಿ ಸೀಫರ್ಡ್, ಉತ್ತರದ ತುದಿಯಲ್ಲಿ ಆಲ್ಡ್‌ಬರೋ. ಮಿಕ್ಕವು ದುಂಡಗಿನ ಅಥವಾ ಅಂಡಾಕಾರದ ಗೋಪುರಗಳಾದರೆ ಆಲ್ಡ್‌ಬರೋದ್ದು ನಾಲ್ಕು ಗೋಪುರಗಳನ್ನು ಒತ್ತಿ ಒಂದುಗೂಡಿಸಿದಂತೆ, ನಾಲ್ಕು ಎಸಳಿನ ಹೂವಿನ ಆಕಾರದಲ್ಲಿದೆ. ಎಸಳಿಗೊಂದರಂತೆ ನೆತ್ತಿಯ ಮೇಲೆ ನಾಲ್ಕು ಫಿರಂಗಿಗಳಿಗೆ ಸ್ಥಾನ. ಎಲ್ಲ ಗೋಪುರಗಳಿಗಿಂತ ಇದೇ ದೊಡ್ಡದು. ಇದಕ್ಕೆ ಸುಮಾರು ಹತ್ತು ಲಕ್ಷ ಇಟ್ಟಿಗೆಗಳು ಹಿಡಿದುವೆಂದು ಹೇಳುತ್ತಾರೆ. ಸುಣ್ಣ, ಬೂದಿ, ಕಾಯಿಸಿದ ಪ್ರಾಣಿಕೊಬ್ಬು ಇವುಗಳನ್ನು ಬೆರೆಸಿದ ಗಾರೆಯು ಆರಿದ ಮೇಲೆ ಕಲ್ಲಿನಂತಾಗುತ್ತಿತ್ತು. ಬೆಲ್ಲ ಅಳಲೆಕಾಯಿಗಳ ನಮ್ಮ ಗಾರೆಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ.

ಗೋಪುರದ ಒಳಗೆ ಕಾಲಿಟ್ಟವನಿಗೆ ಮೊದಲು ಅನುಭವಕ್ಕೆ ಬರುವುದು ಪ್ರತಿಧ್ವನಿ. ಕಂದಕದ ಮೇಲಣ ಸೇತುವೆಯನ್ನು ದಾಟಿ ಒಳಹೊಕ್ಕರೆ ಇಟ್ಟಿಗೆಯ ಕಮಾನುಗಳ ಕೆಳಗೆ ಒಂದೇ ಒಂದು ವಿಶಾಲ ಸ್ಥಳ. ಮಲಗುವ ಜಾಗಗಳಿಗೆ ಪೂರ್ತಿ ಗೋಡೆಯಿಲ್ಲ, ಮರೆ ಮಾತ್ರ ಇದೆ. ಒಬ್ಬನು ಚಮಚ ಬೀಳಿಸಿದರೆ ನಾಲ್ವರಿಗೂ ಎಚ್ಚರ. ಮೊದಲ ರಾತ್ರಿ ಇದು ಕಿರಿಕಿರಿಯಾಗಿ ತೋರಿತು. ಮರುದಿನ ಬೆಳಿಗ್ಗೆ ಅಡಿಗೆಗೆ ತೊಡಗಿದಾಗ ಇದರಲ್ಲೇ ಒಂದು ಐತಿಹಾಸಿಕ ಸಂಗತಿ ಅಡಗಿದೆಯೆಂದು ಹೊಳೆಯಿತು. ಸಾಮಾನ್ಯ ಮಾದರಿಯ ಮಾರ್ಟೆಲೊ ಗೋಪುರದಲ್ಲಿ ಒಬ್ಬ ಅಧಿಕಾರಿಯೂ 24 ಸೈನಿಕರೂ ಇರಲು ಏರ್ಪಾಡಿತ್ತು. ಕೆಳಗೆ ಮದ್ದು ಮತ್ತು ದಿನಸಿ, ನಡುವಣ ಅಂತಸ್ತಿನಲ್ಲಿ ವಾಸ, ನೆತ್ತಿಯಲ್ಲಿ ಫಿರಂಗಿ. ಆ ಕಾಲದ ಇಂಗ್ಲಿಷ್ ಸೇನೆಯಲ್ಲಿ ಸಿಪಾಯಿಗಳಿಗೆ ಅಡಿಗೆಯವರೆಂಬ ಪ್ರತ್ಯೇಕ ವರ್ಗವಿರಲಿಲ್ಲ. ಪಡಿಯಾಗಿ ಬಂದ ರೊಟ್ಟಿ ಮಾಂಸಗಳನ್ನು ಪಡೆದು, ಸಣ್ಣ ಸಣ್ಣ ಗುಂಪುಗಳಾಗಿ, ಸರದಿಯ ಮೇಲೆ ಬೇಯಿಸಿಕೊಳ್ಳುತ್ತಿದ್ದರು. ಅರ್ಥಾತ್, ಈ ಬಗೆಯ ಗೋಪುರಗಳ ಮೂಲನಿವಾಸಿಗಳೂ ಸ್ವಯಂಪಾಕಿಗಳೇ. ಯುದ್ಧದ ಚರಿತ್ರೆಯನ್ನು ಓದುವಾಗ ನಮ್ಮ ಕಣ್ಣಿಗೆ ಬೀಳುವುದು ಫಿರಂಗಿಯ ತೂಕ. ಶತ್ರು ಬಾರದ ಸಾವಿರ ರಾತ್ರಿಗಳಲ್ಲಿ ಕಾವಲಿನವರು ಏನು ಮಾಡಿದರೆಂಬುದಕ್ಕೆ ಉತ್ತರ ಈ ಒಲೆಯ ಬಳಿ ಇದೆ: ಬೇಯಿಸಿದರು, ಉಂಡರು, ಬೇಸತ್ತರು.

ನಮ್ಮ ಪಾಕದ ವಿಷಯ ಹೆಚ್ಚು ಹೇಳತಕ್ಕದ್ದಿಲ್ಲ. ಆಲ್ಡ್‌ಬರೋ ತೀರದಲ್ಲಿ ಬೆಸ್ತರು ಹರಳುಗಲ್ಲಿನ ದಿಬ್ಬದ ಮೇಲೆಯೇ ದೋಣಿಗಳನ್ನು ಎಳೆದಿಟ್ಟು, ಪಕ್ಕದ ಮರದ ಗುಡಿಸಲುಗಳಲ್ಲಿ ಹೊಸ ಮೀನನ್ನು ಮಾರುತ್ತಾರೆ. ನಾನು ದಕ್ಷಿಣ ಕನ್ನಡದವನು. ಹುಣಿಸೆಹಣ್ಣು, ಒಣಮೆಣಸಿನಕಾಯಿಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ. ಘಟ್ಟದ ಮೇಲಿನ ಶಾಕಾಹಾರಿ ಮಿತ್ರರೊಬ್ಬರು ತಮ್ಮ ಸಾರಿನ ಪಾತ್ರೆಯನ್ನು ಬೇರೆ ಇಟ್ಟುಕೊಂಡು, ನನ್ನ ಒಗ್ಗರಣೆಯ ಘಾಟು ಕಮಾನಿನಡಿ ಮೂರು ದಿನ ನಿಂತಿತೆಂದು ದೂರಿದರು. ದೂರು ನ್ಯಾಯವಾದದ್ದೇ.

ಈಗ ನನ್ನ ತಪ್ಪಿನ ವಿಚಾರಕ್ಕೆ ಬರುತ್ತೇನೆ. 1805ನೆಯ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ನನು ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ನೌಕಾಬಲವನ್ನು ಮುರಿದ ಮೇಲೆ ಇಂಗ್ಲೆಂಡಿಗೆ ದಂಡಯಾತ್ರೆಯ ಭಯ ತಪ್ಪಿತು, ಮಾರ್ಟೆಲೊ ಗೋಪುರಗಳು ವ್ಯರ್ಥವೆಚ್ಚವಾಗಿ ಉಳಿದುವು, ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಅನೇಕ ಪಠ್ಯಪುಸ್ತಕಗಳ ಧೋರಣೆಯೂ ಇದೇ. ವಿಲಿಯಂ ಕಾಬೆಟ್ಟನು ದಕ್ಷಿಣದ ಗೋಪುರಗಳನ್ನು ಕಂಡು, ಪ್ರಜೆಗಳ ಹಣವನ್ನು ಪೋಲು ಮಾಡಿದ ಗುರುತುಗಳೆಂದು ಹಳಿದದ್ದು ಈ ಅಭಿಪ್ರಾಯಕ್ಕೆ ಬಲ ಕೊಟ್ಟಿದೆ. ಆದರೆ ಎರಡನೆಯ ದಿನ ಸಂಜೆ ಗೋಪುರದ ನೆತ್ತಿಯ ಮೇಲೆ ಕಲ್ಲುಹಾಸಿನಲ್ಲಿ ಕುಳಿತು ಚಹ ಕುಡಿಯುತ್ತಿದ್ದಾಗ, ಈ ಫಿರಂಗಿಗಳು ಯಾವ ದಿಕ್ಕಿಗೆ ಮುಖ ಮಾಡಿದ್ದುವು ಎಂಬ ಸರಳ ಪ್ರಶ್ನೆ ಎದ್ದಿತು. ಎದುರಿಗೆ ಫ್ರಾನ್ಸ್ ಇಲ್ಲ. ಪೂರ್ವಕ್ಕೆ ಹಾಲೆಂಡು; ಆಗ್ನೇಯಕ್ಕೆ, ನೂರು ಮೈಲಿಗೆ ಕಡಮೆ ದೂರದಲ್ಲಿ, ವಾಲ್ಕರೆನ್ ದ್ವೀಪ ಮತ್ತು ಸ್ಕೆಲ್ಟ್ ನದಿಯ ಅಳಿವೆ. ಆ ನದಿಯ ಮೇಲ್ಗಡೆ ಇರುವುದು ಆಂಟ್‌ವರ್ಪ್.

ಟ್ರಫಾಲ್ಗರಿನ ಸೋಲಿನಿಂದ ನೆಪೋಲಿಯನ್ನನು ನೌಕಾಬಲದ ಆಸೆಯನ್ನು ಬಿಡಲಿಲ್ಲ. ಆಂಟ್‌ವರ್ಪ್‌ನಲ್ಲಿ ಹೊಸ ಯುದ್ಧನೌಕೆಗಳನ್ನು ಒಂದೊಂದಾಗಿ ಕಟ್ಟಿಸತೊಡಗಿದನು. ಇಂಗ್ಲಿಷ್ ಸರಕಾರಕ್ಕೆ ಇದರ ಭಯ ಎಷ್ಟಿತ್ತೆಂಬುದು 1809ರ ವಾಲ್ಕರೆನ್ ದಂಡಯಾತ್ರೆಯಿಂದ ಸ್ಪಷ್ಟವಾಗುತ್ತದೆ. ಆಂಟ್‌ವರ್ಪ್ ನೌಕಾಂಗಣವನ್ನು ನಾಶಮಾಡಲು ಸುಮಾರು 40,000 ಸೈನಿಕರನ್ನು ಕಳುಹಿಸಲಾಯಿತು. ಕಾಳಗದಲ್ಲಿ ಸತ್ತವರು ನೂರರ ಸುಮಾರು, ಜೌಗುನಾಡಿನ ಜ್ವರದಿಂದ ಸತ್ತವರು ಸುಮಾರು 4,000. ನೌಕಾಂಗಣ ಹಾಗೆಯೇ ಉಳಿಯಿತು. ಪೂರ್ವ ತೀರದ ಗೋಪುರಗಳ ಆಲೋಚನೆ ಮೊದಲಿನಿಂದ ಇದ್ದರೂ ಕೆಲಸ ನಡೆದುದು ಈ ವರ್ಷಗಳಲ್ಲೇ ಎಂಬುದನ್ನು ಗಮನಿಸಬೇಕು. ಟ್ರಫಾಲ್ಗರಿನ ಮೂರು ವರ್ಷಗಳ ತರುವಾಯ ಯಾವ ಮಂತ್ರಿಯೂ ವಿನಾಕಾರಣ ಹತ್ತು ಲಕ್ಷ ಇಟ್ಟಿಗೆಗಳನ್ನು ಒಂದು ಹರಳುದಿಬ್ಬದ ಮೇಲೆ ಪೇರಿಸಲಾರನು. ದಕ್ಷಿಣದ ಗೋಪುರಗಳು ಬುಲೋನ್ ಬಂದರಿನ ಭಯದ ಸಂತಾನವಾದರೆ ಆಲ್ಡ್‌ಬರೋ ಗೋಪುರವು ಆಂಟ್‌ವರ್ಪ್ ಭಯದ ಸಂತಾನ. ಇವೆರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ, ಟ್ರಫಾಲ್ಗರಿನಿಂದ ಒರಸಿಹಾಕುವುದು ಸರಿಯಲ್ಲ. ಭೂಪಟವನ್ನು ಎದುರಿಗಿಟ್ಟುಕೊಂಡಿದ್ದರೆ ಈ ಅರಿವು ಮನೆಯಲ್ಲಿಯೇ ಆಗಬಹುದಾಗಿತ್ತೆಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯಲಾರೆ. ಆದರೆ ಆಗಿರಲಿಲ್ಲವೆಂಬುದೂ ಸತ್ಯ.

ಇಲ್ಲಿ ನಮ್ಮ ನಾಡಿನ ನೆನಪು ಬಂದುದು ಸಹಜ. ಮಂಗಳೂರಿನ ಬೋಳೂರಿನಲ್ಲಿ ಗುರುಪುರ ನದಿಯ ದಡದಲ್ಲಿರುವ ಸುಲ್ತಾನ್ ಬತ್ತೇರಿಯನ್ನು, ಇಂಗ್ಲಿಷರ ನೌಕೆಗಳು ನದಿಯೊಳಗೆ ಬಾರದಂತೆ ತಡೆಯಲು ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದನೆಂದು ಪ್ರತೀತಿ. ಆ ಟಿಪ್ಪುವು ಫ್ರೆಂಚರ ನೆರವನ್ನು ಅರಸುತ್ತಿದ್ದನು. ಈಜಿಪ್ಟಿನಲ್ಲಿದ್ದ ಬೊನಪಾರ್ಟನು 1799ರ ಜನವರಿಯಲ್ಲಿ ಅವನಿಗೆ ಬರೆದ ಪತ್ರವು ದಾರಿಯಲ್ಲಿಯೇ ಇಂಗ್ಲಿಷರ ಕೈಗೆ ಸಿಕ್ಕಿತು. ಅದೇ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಇಂಗ್ಲಿಷರಿಗೆ ಹೆದರಿ ಗುರುಪುರ ನದಿಯ ದಡದಲ್ಲಿ ಒಂದು ಕಾವಲು ಬುರುಜು. ಫ್ರೆಂಚರಿಗೆ ಹೆದರಿ ಇಂಗ್ಲಿಷರು ಆಲ್ಡ್ ನದಿಯ ದಡದಲ್ಲಿ ಕಟ್ಟಿದ ಇನ್ನೊಂದು. ಎರಡರ ನಡುವೆ ಕಾಲು ಶತಮಾನದ ಅಂತರ. ಸ್ಥಳಗಳ ಲಕ್ಷಣದಲ್ಲಿಯೂ ಹೋಲಿಕೆಯಿದೆ. ಬತ್ತೇರಿಯ ಎದುರಿಗೆ ನದಿ, ನದಿಯಾಚೆಗೆ ಬೆಂಗರೆ ಎಂಬ ಮರಳಿನ ಪಟ್ಟೆ, ಅದರಾಚೆಗೆ ಕಡಲು. ಆಲ್ಡ್‌ಬರೋದಲ್ಲಿ ಗೋಪುರವು ಬೆಂಗರೆಯ ಮೇಲೆಯೇ ನಿಂತಿದೆ.

ಈ ಬೆಂಗರೆಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ; ಏಕೆಂದರೆ ಗೋಪುರದಲ್ಲಿ ತಂಗಿದವನ ದಿನದ ಹೆಚ್ಚು ಭಾಗ ಕಳೆಯುವುದು ಅದರ ಮೇಲೆ ನಡೆಯುವುದರಲ್ಲಿ. ಆಲ್ಡ್ ನದಿಯು ಪಶ್ಚಿಮದಿಂದ ಹರಿದು ಬಂದು, ಗೋಪುರದ ಬಳಿ ಕಡಲಿಗೆ ಕೂಗಳತೆಯಷ್ಟು ಹತ್ತಿರವಾಗಿ, ಸೇರುವುದನ್ನು ಬಿಟ್ಟು ದಕ್ಷಿಣಕ್ಕೆ ತಿರುಗಿಬಿಡುತ್ತದೆ. ಅಲ್ಲಿಂದ ಮುಂದೆ, ನಡುದಾರಿಯಲ್ಲಿ ಓರ್ ಎಂಬ ಹೆಸರನ್ನು ತಾಳಿ, ಸುಮಾರು ಹತ್ತು ಮೈಲಿ ಕಡಲಿಗೆ ಸಮಾನಾಂತರವಾಗಿ ಹರಿದು ಕೊನೆಗೆ ಸೇರುತ್ತದೆ. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಕಡಲನ್ನೂ ಮತ್ತೊಂದು ಕಡೆ ಸೌಪರ್ಣಿಕೆಯನ್ನೂ ಕಂಡವರಿಗೆ ಈ ದೃಶ್ಯ ಅಪರಿಚಿತವಲ್ಲ. ವ್ಯತ್ಯಾಸವೆಂದರೆ ಇಲ್ಲಿ ಮರಳಿಲ್ಲ; ಚಕಮಕಿ ಕಲ್ಲಿನ ನುಣುಪಾದ ಹರಳುಗಳು. ನಡೆದರೆ ಹೆಜ್ಜೆ ಹೂತುಹೋಗುತ್ತದೆ, ಒಂದು ಮೈಲಿ ಮೂರು ಮೈಲಿಯಾಗುತ್ತದೆ. ಅಲೆ ಹಿಂದಕ್ಕೆ ಸರಿಯುವಾಗ ಹರಳುಗಳು ಉರುಳುವ ಸದ್ದು ರಾತ್ರಿಯಿಡೀ ಗೋಪುರದೊಳಗೆ ಕೇಳುತ್ತದೆ.

ಆ ಸದ್ದೇ ಈ ತೀರದ ಇತಿಹಾಸ. ಅಲೆಗಳು ಓರೆಯಾಗಿ ಬಂದು ಹೊಡೆಯುವುದರಿಂದ ಹರಳುಗಳು ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತಲೇ ಇವೆ. ಉತ್ತರದಲ್ಲಿ ಕೊರೆದುದನ್ನು ಕಡಲು ದಕ್ಷಿಣದಲ್ಲಿ ರಾಶಿ ಹಾಕುತ್ತದೆ. ಗೋಪುರಕ್ಕೂ ಊರಿಗೂ ನಡುವೆ ಸ್ಲಾಡನ್ ಎಂಬ ಹಳ್ಳಿಯಿತ್ತು: ಹಡಗು ಕಟ್ಟುವವರು, ಬೆಸ್ತರು, ಉಪ್ಪಿನ ಸುಂಕದ ಕಟ್ಟೆ, ಮೂವರು ನಾವಿಕರು ಎಂಬ ಹೆಸರಿನ ಒಂದು ಪಾನಗೃಹ. ಕವಿ ಜಾರ್ಜ್ ಕ್ರಾಬ್‌ನು 1754ರಲ್ಲಿ ಆಲ್ಡ್‌ಬರೋದಲ್ಲಿ ಹುಟ್ಟಿದನು. ಅವನ ತಂದೆ ಉಪ್ಪಿನ ಸುಂಕದ ಅಧಿಕಾರಿ. ಕವಿಯು ಯೌವನದಲ್ಲಿ ಸ್ಲಾಡನ್ ದೋಣಿಗಟ್ಟೆಯಲ್ಲಿ ಪೀಪಾಯಿಗಳನ್ನು ಉರುಳಿಸುವ ಕೂಲಿ ಮಾಡಿದ್ದನು. ಹಳ್ಳಿಯ ಮನೆಗಳು ಒಂದೊಂದಾಗಿ ಕಡಲು ಪಾಲಾದುವು. ಕೊನೆಯ ಮನೆ ಹೋದುದು 1936ರಲ್ಲಿ. ಈಗ ಅಲ್ಲಿ ವಿಹಾರದೋಣಿಗಳವರ ಕಟ್ಟಡಗಳನ್ನೂ ಕಡಲ ತಡೆಗೋಡೆಯನ್ನೂ ಬಿಟ್ಟರೆ ಊರೆಂಬುದಿಲ್ಲ. ಗೋಪುರ ಯಾರ ರಕ್ಷಣೆಗೆಂದು ನಿಂತಿತೋ ಅವರು ಹೋದರು. ಅದರ ಫಿರಂಗಿಗಳು ಯಾವ ದಂಡಿನ ಮೇಲೂ ಗುಂಡು ಹಾರಿಸಲಿಲ್ಲ. ನಿಜವಾದ ಶತ್ರು ಹಿಂದೆಯೂ ಮುಂದೆಯೂ ನೀರೇ ಆಗಿದ್ದಿತು.

ಊರಿನ ನಡುವೆ ಇದ್ದ ಮೂಟ್ ಹಾಲ್ ಎಂಬ 16ನೆಯ ಶತಮಾನದ ಮರದ ಚೌಕಟ್ಟಿನ ಸಭಾಭವನವು ಇಂದು ಕಡಲ ಅಂಚಿನಲ್ಲಿದೆ. ಭವನ ಜರುಗಲಿಲ್ಲ, ಅದರ ಮುಂದಿದ್ದ ಬೀದಿಗಳು ಹೋದುವು. ಈಗ ಅದರಲ್ಲಿ ಊರಿನ ವಸ್ತುಸಂಗ್ರಹಾಲಯವಿದೆ. ಗೋಪುರದಲ್ಲಿ ತಂಗಿದವರು ಮೊದಲು ನೋಡಬೇಕಾದ ಸ್ಥಳ. ಅಲ್ಲಿಂದ ಉತ್ತರಕ್ಕೆ ಡನಿಚ್. ಮಧ್ಯಯುಗದ ಆ ದೊಡ್ಡ ಬಂದರು 1286, 1328 ಮತ್ತು 1347ರ ಬಿರುಗಾಳಿಗಳಲ್ಲಿ ಮುರಿದುಬಿದ್ದಿತು. ಆದರೂ 1832ರವರೆಗೆ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಿದ್ದಿತು. ಅದರ ಕೊನೆಯ ಹಳೆಯ ಇಗರ್ಜಿ 1904ರಿಂದ 1919ರೊಳಗೆ ಬಂಡೆಯಂಚಿನಿಂದ ತುಂಡುತುಂಡಾಗಿ ಬಿದ್ದುಹೋಯಿತು. ಈಗ ಅಲ್ಲಿ ನೋಡುವುದಕ್ಕೆ ಬಹಳವಿಲ್ಲ, ಅದೇ ನೋಡತಕ್ಕದ್ದು.

ಕೊರೆದವನೇ ಕೊಟ್ಟವನೂ ಎಂಬುದನ್ನು ಕಾಣಲು ಮೂರನೆಯ ದಿನ ಆರ್ಫರ್ಡಿಗೆ ಹೋದೆವು. ಬೆಂಗರೆಯ ಮೇಲೆ ನೇರವಾಗಿ ನಡೆದು ಹೋಗಲು ದಾರಿಯಿಲ್ಲದ ಕಾರಣ ಒಳನಾಡನ್ನು ಸುತ್ತಿಕೊಂಡು ಹೋಗಬೇಕು. ಎರಡನೆಯ ಹೆನ್ರಿ ರಾಜನು 1165ರಿಂದ 1173ರವರೆಗೆ 1,413 ಪೌಂಡು ವೆಚ್ಚದಲ್ಲಿ ಅಲ್ಲಿ ಕೋಟೆಯನ್ನು ಕಟ್ಟಿಸಿದುದು ರಾಜ್ಯದ ಲೆಕ್ಕದ ಸುರುಳಿಗಳಿಂದ ತಿಳಿದುಬರುತ್ತದೆ. ಆಗ ಬೆಂಗರೆಯು ಇಂದಿನಷ್ಟು ಉದ್ದವಾಗಿರಲಿಲ್ಲ. ಬಂದರು ಒಳ್ಳೆಯ ಬಂದರಾಗಿತ್ತು. ಉತ್ತರದ ಊರುಗಳಿಂದ ಕಡಲು ಕಿತ್ತು ತಂದ ಹರಳುಗಳೂ ಸೇರಿ ಬೆಂಗರೆ ಬೆಳೆಯುತ್ತ ಹೋದಂತೆ ಅಳಿವೆಯು ಮೈಲಿಗಟ್ಟಲೆ ದಕ್ಷಿಣಕ್ಕೆ ಸರಿಯಿತು. ಡನಿಚ್ ನೆಲ ಕಳೆದುಕೊಂಡು ಕೆಟ್ಟಿತು, ಆರ್ಫರ್ಡ್ ನೆಲ ಪಡೆದುಕೊಂಡು ಕೆಟ್ಟಿತು. ಕೋಟೆಯ ಮುಖ್ಯ ಬುರುಜನ್ನು ಹತ್ತಿ ನೋಡಿದರೆ ಈ ಎರಡು ಸಂಗತಿಗಳ ಸಂಬಂಧ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅಧ್ಯಾಪಕನಾದವನು ವಿದ್ಯಾರ್ಥಿಗಳೊಡನೆ ಇಲ್ಲಿ ಒಮ್ಮೆ ನಿಲ್ಲಬೇಕು ಎನಿಸುವಂಥ ಸ್ಥಳ.

ಆರ್ಫರ್ಡಿನ ದೋಣಿಗಟ್ಟೆಯಿಂದ ನದಿಯನ್ನು ದಾಟಿದರೆ ಆರ್ಫರ್ಡ್ ನೆಸ್. ಒಂದನೆಯ ಮಹಾಯುದ್ಧದ ಕಾಲದಿಂದ ಅದು ಸೈನ್ಯದ ಗುಪ್ತ ಪ್ರಯೋಗಭೂಮಿ. ರೇಡಾರ್ ಎಂದು ನಾವು ಕರೆಯುವ ಸಾಧನದ ಮೊದಮೊದಲ ಪ್ರಯೋಗಗಳನ್ನು 1935ರಲ್ಲಿ ವಾಟ್ಸನ್ ವಾಟ್ ಮತ್ತು ಸಂಗಡಿಗರು ನಡೆಸಿದುದು ಇಲ್ಲಿ. ಎರಡನೆಯ ಮಹಾಯುದ್ಧದ ತರುವಾಯ ಅಣುಬಾಂಬಿನ ಬಿಡಿಭಾಗಗಳ ಪರೀಕ್ಷೆ ನಡೆದುದೂ ಇಲ್ಲಿ. 1993ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು ಇದನ್ನು ಕೊಂಡಿತು. ಕಾಂಕ್ರೀಟಿನ ಪ್ರಯೋಗಶಾಲೆಗಳು ಬುದ್ಧವಿಹಾರಗಳ ಚಾವಣಿಯನ್ನು ಹೋಲುವುದರಿಂದ ಜನರು ಅವನ್ನು ಪಗೋಡಗಳೆಂದೇ ಕರೆಯುತ್ತಾರೆ. 1792ರಲ್ಲಿ ಕಟ್ಟಿದ ದೀಪಸ್ತಂಭವು ನಮಗೆ ಕಾಣಸಿಗಲಿಲ್ಲ. 2013ರಲ್ಲಿ ದೀಪವನ್ನು ಆರಿಸಲಾಯಿತು; ಕಡಲು ಬುಡಕ್ಕೆ ಬಂದುದರಿಂದ 2020ರಲ್ಲಿ ಸ್ತಂಭವನ್ನೇ ಕೆಡವಲಾಯಿತು. ಗೋಪುರದಲ್ಲಿನ ಹಳೆಯ ಪುಸ್ತಕಗಳ ಚಿತ್ರಗಳಲ್ಲಿ ಅದು ಇನ್ನೂ ನಿಂತಿದೆ.

ಸಂಗೀತಪ್ರಿಯರಿಗೆ ಆಲ್ಡ್‌ಬರೋ ಎಂದರೆ ಬೇರೆಯೇ ಅರ್ಥ. 1941ರಲ್ಲಿ ಅಮೆರಿಕದಲ್ಲಿದ್ದ ಬೆಂಜಮಿನ್ ಬ್ರಿಟ್ಟನ್ನನು ಕ್ರಾಬ್‌ನ ವಿಷಯವಾಗಿ ಇ. ಎಂ. ಫಾರ್ಸ್ಟರ್ ಬರೆದ ಲೇಖನವನ್ನು ಓದಿ ತನ್ನ ತೀರಕ್ಕೆ ಮರಳಲು ಮನಸ್ಸು ಮಾಡಿದನು. ದೇವಾಸ್ ಸಂಸ್ಥಾನದ ಮಹಾರಾಜರಲ್ಲಿ ಕಾರ್ಯದರ್ಶಿಯಾಗಿದ್ದ ಅದೇ ಫಾರ್ಸ್ಟರ್. ಕ್ರಾಬ್‌ನ ಕಥೆಯನ್ನಾಧರಿಸಿದ ‘ಪೀಟರ್ ಗ್ರೈಮ್ಸ್’ ಗೀತನಾಟಕ 1945ರಲ್ಲಿ ಲಂಡನ್ನಿನಲ್ಲಿ ಪ್ರಯೋಗವಾಯಿತು. 1948ರಿಂದ ಆಲ್ಡ್‌ಬರೋ ಉತ್ಸವ ನಡೆಯುತ್ತಿದೆ. ಸಮೀಪದ ಸ್ನೇಪ್‌ನಲ್ಲಿ ಬಾರ್ಲಿಯನ್ನು ಮೊಳಕೆ ಕಟ್ಟಿಸುತ್ತಿದ್ದ ದೊಡ್ಡ ಉಗ್ರಾಣವೊಂದನ್ನು ಸಂಗೀತಮಂದಿರವಾಗಿ ಮಾರ್ಪಡಿಸಿ 1967ರಲ್ಲಿ ರಾಣಿಯವರಿಂದ ತೆರೆಸಿದರು. 1969ರಲ್ಲಿ ಅದು ಸುಟ್ಟುಹೋಯಿತು. 1970ರಲ್ಲಿ ಮತ್ತೆ ತೆರೆಯಿತು. ಉತ್ಸವವಿರುವುದು ಜೂನ್ ತಿಂಗಳಲ್ಲಾದ್ದರಿಂದ ನಾವು ಬರಿದಾದ ಮಂದಿರವನ್ನು ನೋಡಿ ಬಂದೆವು.

ಇನ್ನು ಗೋಪುರದ ರಕ್ಷಣೆಯ ಕ್ರಮವನ್ನು ಕುರಿತು ಒಂದೆರಡು ಮಾತು. 1930ರ ದಶಕದಲ್ಲಿ ಅದರ ನೆತ್ತಿಯ ಮೇಲೆ ಒಂದು ಮನೆಯನ್ನು ಕಟ್ಟಲಾಗಿತ್ತು. ಲ್ಯಾಂಡ್‌ಮಾರ್ಕ್ ಟ್ರಸ್ಟ್ 1971ರಲ್ಲಿ ಗೋಪುರವನ್ನು ಕೊಂಡ ಮೇಲೆ, ದುರಸ್ತಿಯ ಕಾಲದಲ್ಲಿ ಶಿಥಿಲವಾಗಿದ್ದ ಆ ಮನೆಯನ್ನು ತೆಗೆದುಹಾಕಿದರು. ಕಟ್ಟಡದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ 1812ರ ಗೋಪುರವನ್ನು ಮರಳಿ ಪಡೆಯುವ ಸಲುವಾಗಿ, ಯುದ್ಧಭೂಮಿಯ ಮೇಲೆ ಒಂದು ಕುಟುಂಬ ಸಂಸಾರ ಹೂಡಬಹುದೆಂದು ಆಸೆಪಟ್ಟ ಒಂದು ಕಾಲವನ್ನು ಅಳಿಸಲಾಯಿತೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ತೂಕದ್ದು. ಬಾಡಿಗೆ ಅಗ್ಗವಲ್ಲ; ನಾಲ್ವರು ಹಂಚಿಕೊಂಡುದರಿಂದ ನಮಗೆ ಸಾಧ್ಯವಾಯಿತು. ಬಾಡಿಗೆ ಕೊಟ್ಟವನು ಒಳಗಿರುವಷ್ಟು ದಿನ ಇತರರಿಗೆ ಅದು ಮುಚ್ಚಿದ ಬಾಗಿಲು. ಸ್ಮಾರಕವು ಸಾರ್ವಜನಿಕರದೆಂದು ನಂಬುವವರಿಗೆ ಇದು ಹಿಡಿಸದು, ನನಗೂ ಪೂರ್ತಿಯಾಗಿ ಹಿಡಿಸಲಿಲ್ಲ.

ಹೀಗಿದ್ದರೂ ಎದುರಿನ ತಕ್ಕಡಿಯಲ್ಲಿ ಇಡಬೇಕಾದುದೂ ಇದೆ. ನಮ್ಮ ಕರಾವಳಿಯ ಕೋಟೆಯೊಂದರ ದುರಸ್ತಿಯಾದ ಕೋಣೆಯನ್ನು ನೋಡಲು ಕೆಲವು ವರ್ಷಗಳ ಹಿಂದೆ ನಾನು ಎರಡು ಸಲ ಹೋಗಿ, ಎರಡು ಸಲವೂ ಬೀಗವನ್ನು ನೋಡಿ ಬಂದೆ. ಮೂರನೆಯ ಸಲ ಬಾಗಿಲು ತೆರೆದಾಗ ಒಳಗೆ ಗೋಡೆಯ ಮೇಲೆ ನೀರಿಳಿದು ಪಾಚಿ ಕಟ್ಟಿತ್ತು. ಮಳೆಗಾಲವೆಲ್ಲ ಯಾರೂ ಒಳಗೆ ಹೋಗಿರಲಿಲ್ಲವಾಗಿ ಯಾರಿಗೂ ಅದು ಗೊತ್ತಿರಲಿಲ್ಲ. ಜನರಿರುವ ಮನೆಯಲ್ಲಿ ಸೋರಿಕೆ ಮೊದಲ ಮಳೆಗೆ ತಿಳಿಯುತ್ತದೆ. ಆಲ್ಡ್‌ಬರೋದಲ್ಲಿ ಒಂದು ಕಿಟಕಿಯ ಬಳಿ ತೇವವನ್ನು ಕಂಡು ನಾವು ಬರೆದಿಟ್ಟೆವು; ನಮ್ಮಂಥವರು ವರ್ಷವಿಡೀ ಬಂದು ಹೋಗುತ್ತಾರೆ. ಹಾಗೆಂದು ಸುಲ್ತಾನ್ ಬತ್ತೇರಿಯಲ್ಲಿ ಒಲೆ ಹೂಡಬೇಕೆಂದು ನಾನು ಹೇಳುವುದಿಲ್ಲ. ಅದು ಚಿಕ್ಕದು, ಊರವರು ಸಂಜೆ ಬಂದು ಕೂರುವ ಸ್ಥಳ, ಹಾಗೆಯೇ ಇರತಕ್ಕದ್ದು. ಕರಾವಳಿಯಲ್ಲಿ ಪಾಳುಬಿದ್ದಿರುವ ಹಳೆಯ ಬಂಗಲೆಗಳ, ಬಂದರಿನ ಕಚೇರಿಗಳ ವಿಷಯದಲ್ಲಿ ಈ ಕ್ರಮವನ್ನು ಪರಿಶೀಲಿಸಬಹುದು. ಬೀಗ ಹಾಕಿದ್ದನ್ನೇ ರಕ್ಷಣೆಯೆಂದು ಎಣಿಸುವ ರೂಢಿಯನ್ನಂತೂ ಬಿಡಬೇಕು. ಕಡಲ್ಕೊರೆತದಲ್ಲಿ ಉಳ್ಳಾಲದ ಮನೆಗಳು ಹೋಗುವುದನ್ನು ಕಂಡ ನಮ್ಮವರಿಗೆ, ತೀರದ ಕಟ್ಟಡಕ್ಕೆ ಇರುವ ಕಾಲಾವಕಾಶ ಎಷ್ಟೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ.

ಕೊನೆಯ ರಾತ್ರಿ ಈಶಾನ್ಯದಿಂದ ಗಾಳಿ ಎದ್ದಿತು. ಹರಳುಗಳ ಸದ್ದು ಬೆಳಗಿನವರೆಗೂ ನಿಲ್ಲಲಿಲ್ಲ. ಆ ರಾತ್ರಿ ನಿದ್ದೆ ಬಾರದೆ ತಂಗಿದವರ ದಿನಚರಿ ಪುಸ್ತಕವನ್ನು ತಿರುವುತ್ತ ಕುಳಿತೆ. ಹಕ್ಕಿಗಳು, ಹಡಗುಗಳು, ಮಕ್ಕಳ ಜ್ವರ, ಕೆಟ್ಟುಹೋದ ಕೇಕು, ನಡುನಡುವೆ ಗಾಳಿ ಮತ್ತು ನೀರಿನ ಮಾತು. 1953ರ ಜನವರಿ 31ರ ರಾತ್ರಿ ಇಂಗ್ಲೆಂಡಿನ ಪೂರ್ವ ತೀರದಲ್ಲಿ 307 ಮಂದಿಯನ್ನು ಬಲಿ ತೆಗೆದುಕೊಂಡ ಪ್ರವಾಹದ ವಿಷಯವಾಗಿ ಸರಕಾರದ ದಾಖಲೆಗಳು ಸಾಕಷ್ಟಿವೆ. ಸಾಧಾರಣ ರಾತ್ರಿಗಳ ದಾಖಲೆ ಇಂಥ ಪುಸ್ತಕಗಳಲ್ಲಿ ಮಾತ್ರ ಸಿಗುತ್ತದೆ. ಬೆಳಿಗ್ಗೆ ಹೊರಗೆ ಹೋಗಿ ನೋಡಿದಾಗ ಹಿಂದಿನ ದಿನ ನಾವು ಕುಳಿತಿದ್ದ ಹರಳಿನ ಏಣು ಇದ್ದ ಕಡೆ ಇರಲಿಲ್ಲ. ಒಳಗೆ ಬಂದು, ದಿನಾಂಕ, ಗಾಳಿಯ ದಿಕ್ಕು, ಏಣು ಕೊಚ್ಚಿಹೋದ ಸಂಗತಿ ಇಷ್ಟನ್ನು ಇಂಗ್ಲಿಷಿನಲ್ಲಿಯೂ ಅದರ ಕೆಳಗೆ ಕನ್ನಡದಲ್ಲಿಯೂ ಬರೆದು, ಉಳಿದ ಅಕ್ಕಿಯನ್ನು ಮುಂದೆ ಬರುವವರಿಗೆಂದು ಕಪಾಟಿನಲ್ಲಿಟ್ಟು, ಬಾಗಿಲನ್ನು ಎಳೆದುಕೊಂಡೆವು.